ಅಳದ ಕೂಸು

ನಮ್ಮ ನಾರ್ಮಂಡಿಯ ಕಟ್ಟಳೆ ಮಾಡಿದವನು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರಲಿ, ಆ ಪುಣ್ಯಾತ್ಮ ಹೆರಿಗೆಯ ಕೋಣೆಗೆ ಒಮ್ಮೆಯೂ ಕಾಲಿಟ್ಟವನಲ್ಲ. ಹೆಂಡತಿ ಸತ್ತರೆ ಅವಳು ತವರಿನಿಂದ ತಂದ ಭೂಮಿ ತವರಿಗೇ ವಾಪಸ್ಸು. ಆದರೆ ಅವಳ ಹೊಟ್ಟೆಯಲ್ಲಿ ಜೀವಂತ ಮಗು ಹುಟ್ಟಿ, ಅದು ಅತ್ತ ದನಿ ನಾಲ್ಕು ಗೋಡೆಗಳ ನಡುವೆ ಕೇಳಿಸಿದ್ದರೆ, ಗಂಡ ಮರುಮದುವೆ ಆಗುವ ತನಕ ಆ ಭೂಮಿಯನ್ನು ಅನುಭವಿಸಬಹುದು. ಮಗು ಮರುಗಳಿಗೆಯೇ ಸತ್ತರೂ ಅಡ್ಡಿಯಿಲ್ಲ, ಅತ್ತಿರಬೇಕು. ನಲವತ್ತು ವರ್ಷದಿಂದ ಸೂಲಗಿತ್ತಿಯಾಗಿರುವವಳು ನಾನು, ಓದಿಯೆರ್ನ. ಅಳದೆ ಹುಟ್ಟಿ, ಇವತ್ತು ಊರಿಗೆಲ್ಲ ಕೇಳುವಂತೆ ಬಾಯಿ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ದೊರೆ ಆಂಗೆರಾನ್ ಅವರಪ್ಪನಿಗೆ ಮೂರನೆಯ ಮಗ. ಪಾಲಿಗೆ ಬಂದದ್ದು ಒಂದು ಕುದುರೆ, ಒಂದು ಕತ್ತಿ, ಜೊತೆಗೆ ಅಪ್ಪನ ಮುಂಗೋಪ. ಮೂರು ಹಳ್ಳಿ, ಹೊಳೆಯ ಮೇಲಿನ ಗಿರಣಿ, ಈ ಕಲ್ಲಿನ ಮನೆ ಎಲ್ಲ ದೊರೆಸಾನಿ ಎಲಿಸಾಂದ್ ತವರಿನಿಂದ ತಂದದ್ದು. ಹಾಗಂತ ಅವರಿಬ್ಬರ ನಡುವೆ ಭೂಮಿಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಎಂಟು ವರ್ಷದಲ್ಲಿ ಮೂರು ಸಲ ಬಸಿರು ಇಳಿದುಹೋಯಿತು. ಮೂರು ಸಲವೂ ಬಾಗಿಲಾಚೆ ದೊರೆ ಗೋಡೆಗೆ ಹಣೆ ಒತ್ತಿ ನಿಂತಿದ್ದನ್ನು ಕಂಡಿದ್ದೇನೆ. ನಾಲ್ಕನೆಯದು ನಿಂತಿತು. ಸಂತ ಮಾರ್ಟಿನ್ನನ ಹಬ್ಬ ಕಳೆದ ಮೇಲಿನ ಬುಧವಾರ ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ಅದರ ಮುಖ ನೋಡುವ ಮೊದಲೇ ತಾಯಿ ತೀರಿಕೊಂಡಳು.

ಕೋಣೆಯಲ್ಲಿ ಇದ್ದದ್ದು ನಾನು ಮತ್ತು ದೊರೆಯ ತಾಯಿ ಹೆರ್ಸಾಂದ್, ಇಬ್ಬರೇ. ಕೂಸು ಉಸಿರಾಡುತ್ತಿತ್ತು, ಅಳಲಿಲ್ಲ. ಬೆನ್ನು ತಟ್ಟಿದೆ, ಬಾಯಿಗೆ ಉಸಿರೂದಿದೆ, ಬೆಚ್ಚಗಿನ ದ್ರಾಕ್ಷಾರಸ ಹಚ್ಚಿ ಮೈ ತಿಕ್ಕಿದೆ. ಊಹೂಂ. ಪಾದ್ರಿ ಬರುವ ತನಕ ಉಳಿಯದು ಎಂದು ಗೊತ್ತಾದಾಗ ನಾನೇ ನೆತ್ತಿಗೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸಿ ಮಾರ್ಗೋ ಎಂದು ಹೆಸರಿಟ್ಟೆ. ಅಂಥ ಹೊತ್ತಿನಲ್ಲಿ ಸೂಲಗಿತ್ತಿಗೆ ಆ ಹಕ್ಕಿದೆ. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಮುದುಕಿ ಒಡನೆಯೇ ಬಾಗಿಲು ತೆಗೆದು, ಹೊರಗಿದ್ದವರಿಗೆ "ಅತ್ತಿತು! ಕೇಳಿಸ್ತಲ್ಲ ನಿಮಗೆ?" ಎಂದು ಕೂಗಿದಳು. ಆಳುಗಳು ಮುಖ ಮುಖ ನೋಡಿಕೊಂಡರು.

ತಾಯಿ ಮಗಳನ್ನು ಚರ್ಚಿನ ನೆಲದಡಿ ಒಂದೇ ಗುಂಡಿಯಲ್ಲಿ ಮಲಗಿಸಿದೆವು. ಒಂಬತ್ತನೆಯ ದಿನ ದೊರೆಸಾನಿಯ ಅಣ್ಣ ತಿಬೋ ನ್ಯಾಯಾಧಿಕಾರಿಯನ್ನು ಕರೆದುಕೊಂಡೇ ಬಂದಿಳಿದ.

"ಅಳಲಿಲ್ಲ ಅಂದ್ರೆ ಅದು ಸತ್ತೇ ಹುಟ್ಟಿದ್ದು," ಎಂದ. "ಸತ್ತ ಪಿಂಡಕ್ಕೆ ಎಂಥ ಜ್ಞಾನಸ್ನಾನ? ಅದನ್ನ ನನ್ನ ತಂಗಿ ಪಕ್ಕದಿಂದ ತೆಗೆದು ಗೋಡೆ ಆಚೆ ಹಾಕಿ."

ಪಾದ್ರಿ ತಲೆ ತಗ್ಗಿಸಿ, ಜ್ಞಾನಸ್ನಾನ ಆಗದ ಕೂಸಿಗೆ ಚರ್ಚಿನೊಳಗೆ ಜಾಗವಿಲ್ಲ, ನಿಯಮ ಇರುವುದು ಹಾಗೇ ಎಂದ. ಅಜ್ಜಿಯ ಮಾತು ಸಾಕ್ಷಿಗೆ ಬರುವುದಿಲ್ಲ, ರಕ್ತಸಂಬಂಧ. ಉಳಿದವಳು ನಾನೊಬ್ಬಳೇ. ಮರುದಿನ ಸಂತರ ಮೂಳೆ ಇಟ್ಟ ಪೆಟ್ಟಿಗೆ ಮುಟ್ಟಿ ಆಣೆ ಮಾಡಿ ನಾನು ಹೇಳಬೇಕಿತ್ತು.

ಹೆರ್ಸಾಂದ್ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದಳು. "ಏನೇ ಓದಿಯೆರ್ನ, ಅತ್ತಿತು ಅಂತೀಯೋ ಇಲ್ವೋ?"

"ಪೆಟ್ಟಿಗೆ ಮುಟ್ಟಿ ಸುಳ್ಳು ಹೇಳಿದ್ರೆ ನರಕಕ್ಕೆ ಹೋಗೋಳು ನಾನು ಕಣಮ್ಮ, ನೀವಲ್ಲ."

"ಅಯ್ಯೋ, ಮಹಾ ಸತ್ಯವಂತೆ! ಹೆರೋರಿಗೆಲ್ಲ 'ಇನ್ನೊಂದೇ ನೋವು, ಇನ್ನೊಂದೇ ನೋವು' ಅಂತೀಯಲ್ಲ, ಅದೇನು ಸತ್ಯವಾ? ನನ್ನ ಮಗ ಬೀದಿಪಾಲಾಗ್ತಾನೆ. ಆ ಕೂಸನ್ನ ಗುದ್ದಲಿ ಹಾಕಿ ಎತ್ತುತಾರೆ. ನೋಡ್ಕೊಂಡು ನಿಂತಿರ್ತೀಯಾ?"

ಗುದ್ದಲಿ ಎಂಬ ಆ ಒಂದು ಮಾತಿಗೆ ನಾನು ಸೋತೆ. ಮುಚ್ಚುಮರೆ ಯಾಕೆ, ಸುಳ್ಳು ಹೇಳಲೆಂದೇ ನಾನು ಮರುದಿನ ಚರ್ಚಿನ ಬಾಗಿಲಿಗೆ ಹೋದೆ.

ಊರೆಲ್ಲ ಸೇರಿತ್ತು. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಇನ್ನೇನು ಬಾಯಿ ತೆರೆಯಬೇಕು, ದೊರೆ ಬಂದು ನನ್ನ ಮಣಿಕಟ್ಟು ಹಿಡಿದ.

"ಬೇಡ, ಓದಿಯೆರ್ನ. ನನ್ನ ಮಗಳ ಬಗ್ಗೆ ಊರು ಕೇಳೋ ಮೊದಲನೇ ಮಾತೇ ಸುಳ್ಳಾಗೋದು ಬೇಡ. ನಡೆದದ್ದು ಹೇಳು."

ನನ್ನ ಕಣ್ಣಲ್ಲಿ ನೀರು ಬಂತು. "ಉಸಿರಾಡಿದ್ಲು," ಎಂದೆ. "ಕಣ್ಣು ಬಿಟ್ಟು ನೋಡಿದ್ಲು. ಅಳಲಿಲ್ಲ."

"ಹಾಳಾಗಿ ಹೋಗೇ!" ಎಂದು ಹೆರ್ಸಾಂದ್ ಕಿರುಚಿದಳು. ತಿಬೋ ನ್ಯಾಯಾಧಿಕಾರಿಯ ಕಡೆ ತಿರುಗಿ, "ಮುಗೀತಲ್ಲ?" ಎಂದ.

"ಮುಗೀಲಿಲ್ಲ ಭಾವ," ಎಂದ ದೊರೆ. "ಹಳ್ಳಿ, ಗಿರಣಿ, ಮನೆ ಎಲ್ಲ ಈಗಲೇ ಬಿಟ್ಟುಕೊಡ್ತೀನಿ. ಉಸಿರಾಡಿದ್ಲು ಅನ್ನೋದನ್ನೇ ಹಿಡಿದು ವರ್ಷಗಟ್ಟಲೆ ವ್ಯಾಜ್ಯ ನಡೆಸ್ಬಹುದು, ಅದು ನನಗೆ ಬೇಡ. ಬದಲಿಗೆ ನೀನು ಈ ಪೆಟ್ಟಿಗೆ ಮುಟ್ಟಿ, ಅವಳು ಬದುಕಿದ್ಲು ಅಂತ ಹೇಳು. ಆಮೇಲೆ ಆ ಗೋರಿನ ಯಾರೂ ಮುಟ್ಟಕೂಡದು."

ಜನ ಗುಜುಗುಜು ಎಂದರು. ವ್ಯಾಜ್ಯ ಹೂಡಿದ್ದರೆ ಗೆದ್ದರೂ ಗೆಲ್ಲಬಹುದಿತ್ತಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ಗಿರಣಿಯವನು ಗೊಣಗಿದ. ನ್ಯಾಯಾಧಿಕಾರಿ ಗಡ್ಡ ಕೆರೆದುಕೊಂಡು, "ಭೂಮಿ ಬಿಟ್ಟ ಮೇಲೆ ಅಳು ಕಟ್ಟಿಕೊಂಡು ನಮಗೇನು? ಹೇಳಪ್ಪ ತಿಬೋ," ಎಂದ.

ತಿಬೋ ಕೈಯಿಟ್ಟ. "ನನ್ನ ತಂಗಿ ಮಗಳು ಮಾರ್ಗೋ..." ಅಲ್ಲಿಗೇ ನಿಲ್ಲಿಸಿ, ಪೆಟ್ಟಿಗೆಯಿಂದ ಕೈ ತೆಗೆದು ಮತ್ತೆ ಇಟ್ಟ. ಅಷ್ಟು ದಿನ 'ಅದು' ಎನ್ನುತ್ತಿದ್ದವನು. ಎರಡನೆಯ ಸಲಕ್ಕೆ ಪೂರ್ತಿ ಹೇಳಿದ: ಅವಳು ಬದುಕಿದ್ದಳು, ಕ್ರೈಸ್ತಳಾಗಿಯೇ ಸತ್ತಳು. ಅವನು ಅತ್ತದ್ದು ನಿಜ. ಆದರೆ ಬೀಗದ ಕೈಗಳನ್ನು ಮಾತ್ರ ಮರೆಯದೆ ಕೇಳಿ ತೆಗೆದುಕೊಂಡ.

ಮಧ್ಯಾಹ್ನದೊಳಗೆ ಕುದುರೆಗೆ ಜೀನು ಬಿತ್ತು. ಹೆರ್ಸಾಂದ್ ಸನ್ಯಾಸಿನಿಯರ ಮಠಕ್ಕೆ ಹೊರಟಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದೊರೆ ಯಾವನೋ ದೊಡ್ಡ ದೊರೆಯ ಕೋಟೆ ಕಾಯಲು ಹೊರಟಿದ್ದ. ನಲವತ್ತು ದಾಟಿದ ಮನುಷ್ಯ, ಇನ್ನೊಬ್ಬರ ಪಂಕ್ತಿಯ ಕೊನೆಯಲ್ಲಿ ಕೂತು ಉಣ್ಣಬೇಕು. ಹೋಗುವ ಮೊದಲು ನನ್ನ ಬಾಗಿಲಿಗೆ ಬಂದ.

"ಕಣ್ಣು ಬಿಟ್ಟಿದ್ಲು ಅಂದ್ಯಲ್ಲ," ಎಂದ. "ಏನು ನೋಡಿದ್ಲು?"

"ನೋಡೋಕೆ ಇನ್ನೇನಿತ್ತು ದೊರೆ? ನನ್ನ ಮುಖ ಒಂದೇ."

ಅವನು ಟೋಪಿ ತೆಗೆದ. ಹತ್ತಿರ ಬಂದು, ನನ್ನ ಸುಕ್ಕು, ಗಲ್ಲದ ಮೇಲಿನ ನರುಳ್ಳೆ, ಹಲ್ಲಿಲ್ಲದ ಬಾಯಿ ಎಲ್ಲವನ್ನೂ ಒಂದೊಂದಾಗಿ ನೋಡುತ್ತ ನಿಂತುಬಿಟ್ಟ. ಅವನಿಗೆ ಸಾಕಾಗುವ ತನಕ ನಾನು ಮುಖ ಅಲ್ಲಾಡಿಸಲಿಲ್ಲ.