ಕೆಂಪು ಹಿಡಿ ಯಾವ ಚೀಲದಲ್ಲಿ?

ಎಲ್ಲಿಂದ ಆರಂಭಿಸಲಿ? ಕಡಲಿನಿಂದ ಆರಂಭಿಸಿದರೆ ಕಥೆ ಅದರಲ್ಲೇ ಮುಳುಗಿಹೋಗುತ್ತದೆ. ದೋಣಿಯಿಂದ ಆರಂಭಿಸಿದರೆ, ದೋಣಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹಲ್ಲಿನ ವೈದ್ಯರ ಕೋಣೆಯ ಕ್ಯಾಲೆಂಡರಿನಲ್ಲಿದ್ದ ಒಂದು ಚಿತ್ರ ಎಂಬುದು ಮೊದಲ ಪ್ಯಾರಾದಲ್ಲೇ ಬಯಲಾಗುತ್ತದೆ. (ಬಯಲಾಯಿತು. ಒಳ್ಳೆಯದೇ ಆಯಿತು.) ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವನಿಗೆ ಆ ನೀಲಿ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಕೆಲಸ ಮುಗಿಯಿತು, ಬಾಯಿ ಮುಚ್ಚಬಹುದು ಎಂದು ವೈದ್ಯರು ಮತ್ತೆ ಮತ್ತೆ ಹೇಳಬೇಕಾಯಿತು.

ಚಿತ್ರದ ದೋಣಿಯಲ್ಲಿ ಯಾರೂ ಇರಲಿಲ್ಲ. ಇಬ್ಬರನ್ನು ನಾನೇ ಹತ್ತಿಸಿದೆ.

೧

ಗಂಡ, ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದವನು. ಹೆಂಡತಿ, ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಟ್ಟವರ ಉಸಿರನ್ನು ಕಾಯುತ್ತಿದ್ದ ನರ್ಸ್. ನಿವೃತ್ತರಾದ ಮೇಲೆ ಹಾಯಿದೋಣಿಯನ್ನೇ ಮನೆಮಾಡಿಕೊಂಡು ಬಂದರಿನಿಂದ ಬಂದರಿಗೆ ತಿರುಗುತ್ತಿದ್ದಾರೆ. ಅವನು ಅವಳನ್ನು ‘ಸಿಸ್ಟರ್’ ಎಂದು ರೇಗಿಸುತ್ತಾನೆ. ಅವಳು ಸಿಟ್ಟಾದಾಗ ಮಾತ್ರ ಅವನನ್ನು ‘ಕ್ಯಾಪ್ಟನ್ನೇ’ ಎನ್ನುತ್ತಾಳೆ.

ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದಿದ್ದೆ: ‘ಅಲೆಗಳು ಕಾಲದ ಹಾಳೆಗಳನ್ನು ಮಗುಚುತ್ತಿದ್ದವು.’ ನರ್ಸ್ ತಲೆಯೆತ್ತಿದಳು. ಕೈಯಲ್ಲಿ ಜಿಡ್ಡು ಹತ್ತಿದ ಬಾಣಲೆ.

“ಏನ್ರೀ ಇದು, ಹಾಳೆ ಗೀಳೆ?”

“ರೂಪಕ, ತಾಯಿ.”

“ಅದು ಪಾತ್ರೆ ತೊಳೆಯೋ ನೀರು. ಉಪ್ಪುನೀರಲ್ಲಿ ಉಜ್ಜಿ, ಕೊನೇಲಿ ಒಂದೇ ಒಂದು ಲೋಟ ಸಿಹಿನೀರು ಸುರೀಬೇಕು. ಅದನ್ನ ಬರೀರಿ.”

ಬರೆದೆ.

೨

ಈ ಮನೆ ಸದಾ ಓರೆಯಾಗಿರುತ್ತದೆ. ಒಲೆಯೊಂದು ಮಾತ್ರ ಉಯ್ಯಾಲೆಯಂತೆ ತೂಗಿಕೊಂಡು ನೆಟ್ಟಗೆ ನಿಲ್ಲುತ್ತದೆ. ಮಲಗಿದವರು ಉರುಳದಂತೆ ಹಾಸಿಗೆಯ ಪಕ್ಕಕ್ಕೆ ಬಟ್ಟೆಯ ಗೋಡೆ. ಚಮಚಕ್ಕೆ ಅದರದೇ ಗೂಡು, ಟಾರ್ಚಿಗೆ ಅದರದೇ ಕೊಕ್ಕೆ. ಇಟ್ಟದ್ದನ್ನು ಇಟ್ಟಲ್ಲೇ ಇಡದಿದ್ದರೆ ಮುಂದಿನ ಅಲೆಗೆ ಅದು ನಿಮ್ಮ ಹಣೆಗೆ ಬಂದು ಬಡಿಯುತ್ತದೆ.

ಒಬ್ಬರು ಮಲಗಿದಾಗ ಇನ್ನೊಬ್ಬರು ಚುಕ್ಕಾಣಿಯ ಬಳಿ ಕಾವಲು. ಹೀಗಾಗಿ ಒಂದೇ ಹಾಸಿಗೆಯ ಗಂಡಹೆಂಡಿರು ಅದರಲ್ಲಿ ಒಟ್ಟಿಗೆ ಸೇರುವುದು ಬಂದರಿನಲ್ಲಿ ಮಾತ್ರ. ಅದಕ್ಕೆಂದೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಕಾವಲು ಬಿಟ್ಟು ಇಳಿಯುವವರು ತಾವು ಕಂಡದ್ದೊಂದನ್ನು ಹೇಳಿಯೇ ಇಳಿಯಬೇಕು. ಹೇಳದವರಿಗೆ ನಿದ್ದೆಯ ಹಕ್ಕಿಲ್ಲ.

ಅವಳದು ಸದಾ ವರದಿ: “ಎಡಕ್ಕೆ ಸರಕಿನ ಹಡಗು, ದೂರ ಹೋಯ್ತು.” ಅವನದು ಬೇರೆಯೇ ಜಾತಿ: “ಮಳೆಯೊಂದು ನಮ್ಮ ಹಿಂದೇನೇ ನಡ್ಕೊಂಡು ಬಂದು, ಮನಸ್ಸು ಬದಲಾಯಿಸಿ ತಿರುಗಿ ಹೋಯ್ತು.” ವಯಸ್ಸಾಗುತ್ತ ಗಂಡ ಕವಿಯಾಗುತ್ತಿದ್ದಾನೆ ಎಂದುಕೊಂಡಳು. (ನಾನೂ ಹಾಗೆಯೇ ಅಂದುಕೊಂಡು ಹೆಮ್ಮೆಪಟ್ಟಿದ್ದೆ.)

೩

ಹಾಯಿಯ ಹಗ್ಗ ಬಿಗಿಯಲು ಒಂದು ರಾಟೆ. ಅದಕ್ಕೆ ಸಿಕ್ಕಿಸಿ ತಿರುಗಿಸಲು ಕೆಂಪು ಬಣ್ಣದ ಹಿಡಿ. ಚುಕ್ಕಾಣಿಯ ಬಲಗಡೆಯ ಕ್ಯಾನ್ವಾಸ್ ಚೀಲವೇ ಅದರ ಜಾಗ. ಅಂದು ದೋಣಿಯ ಡೆಕ್ ತೊಳೆದ ಗಡಿಬಿಡಿಯಲ್ಲಿ ನರ್ಸ್ ಅದನ್ನು ಎಡಗಡೆಯ ಚೀಲದಲ್ಲಿಟ್ಟಳು.

ಅವನು ಬಲಚೀಲಕ್ಕೆ ಕೈಹಾಕಿದ. ಖಾಲಿ. ಮತ್ತೆ ತಡಕಿದ, ಚೀಲದ ಹೊಲಿಗೆಯವರೆಗೂ ಬೆರಳಾಡಿಸಿದ. ಎಡಚೀಲದಿಂದ ಕೆಂಪು ಹಿಡಿ ಗೇಣುದ್ದ ತಲೆಯೆತ್ತಿ, ಹಾಡುಹಗಲಿನಲ್ಲಿ, ಅವನನ್ನೇ ನೋಡುತ್ತಿತ್ತು.

ಅವಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

೪

(ಇಲ್ಲೊಂದು ಮಂಜಿನ ದೃಶ್ಯವಿತ್ತು. ದಟ್ಟ ಮಂಜಿನಲ್ಲಿ ಕಣ್ಣಿದ್ದವಳು ಕಂಗಾಲಾಗಿ, ಕಿವಿಯ ಬಲದಿಂದಲೇ ಅವನು ಬಂಡೆ ತಪ್ಪಿಸಿ ದೋಣಿ ಉಳಿಸುತ್ತಾನೆ. ಓದುತ್ತ ನನಗೇ ಕಣ್ಣು ತುಂಬಿ ಬಂತು. ನಾಚಿಕೆಯಾಗಿ ಹರಿದುಹಾಕಿದೆ.)

ನಡೆದದ್ದು ಇಷ್ಟು. ಮಾರನೆಯ ಮಧ್ಯಾಹ್ನ ಅವಳು ಕಾವಲಿಗೆ ಹತ್ತಿ ಬಂದಳು.

“ಏನು ಕಂಡೆ?”

“ಏನೂ ಇಲ್ಲ, ಸಿಸ್ಟರ್. ಇಷ್ಟು ಖಾಲಿ ಸಮುದ್ರ ನಾನು ನೋಡೇ ಇರಲಿಲ್ಲ.”

ನೇರ ಎದುರಿಗೆ ಇನ್ನೊಂದು ಹಾಯಿದೋಣಿ ಸದ್ದಿಲ್ಲದೆ ಬರುತ್ತಿತ್ತು. ಅದರ ಕಂಬಿಯ ಮೇಲೆ ಒಣಹಾಕಿದ ಟವೆಲಿನ ಪಟ್ಟೆಗಳು ಕೂಡ ಕಾಣುವಷ್ಟು ಹತ್ತಿರ. ಅವಳು ಚುಕ್ಕಾಣಿಯನ್ನು ಅವನ ಕೈಯಿಂದ ಕಸಿದು ತಿರುಗಿಸಿದಳು. ಆ ದೋಣಿಯವರು ಬೈದುಕೊಂಡೇ ದಾಟಿಹೋದರು.

“ಯಾವಾಗಿಂದ?”

“ಏನು ಯಾವಾಗಿಂದ?”

“ಕ್ಯಾಪ್ಟನ್ನೇ.”

ಅವನು ಕುಳಿತ. “ಬೆಳಕು ಗೊತ್ತಾಗತ್ತೆ. ನೀನು ಬಂದಿದ್ದು ಗೊತ್ತಾಗತ್ತೆ. ಮಿಕ್ಕಿದ್ದೆಲ್ಲ ಹಬೆ ಹಿಡಿದ ಕನ್ನಡಿ. ಹಿಂದಿನ ಬಂದರಲ್ಲಿ ಡಾಕ್ಟರಿಗೆ ತೋರಿಸಿದೆ. ಸರಿಹೋಗಲ್ಲ ಅಂದ್ರು.”

“ಕ್ಷೌರಕ್ಕೆ ಹೋಗ್ತೀನಿ ಅಂದಿದ್ದೆ.”

“ಅದನ್ನೂ ಮಾಡಿಸ್ಕೊಂಡೆ.”

“ನಗಬೇಡ. ನೀನು ಕಾಯ್ತಿರುವಾಗ ಕೆಳಗೆ ಕಣ್ಣು ಮುಚ್ಚಿ ಮಲಗಿರೋಳು ನಾನು. ಬಂದರು ಸೇರಿದ ತಕ್ಷಣ ದೋಣಿ ಮಾರೋಣ.”

ಅವನು ಬಲಗಡೆಯ ಚೀಲವನ್ನು ಕೈಯಲ್ಲಿ ಸವರಿದ. “ಸರಿ. ಆದ್ರೆ ಒಂದು ಮಾತು. ಇಲ್ಲಿ ಎಲ್ಲ ಅದರದರ ಜಾಗದಲ್ಲಿದೆ. ದಡದ ಮೇಲೆ ನಾನು ಕುರುಡ ಆಗ್ತೀನಿ. ಇಲ್ಲಿ ಇನ್ನೂ ಆಗಿಲ್ಲ.”

(ಇದು ನನಗೆ ಹೊಳೆದಿದ್ದರೆ ಒಂದು ರೂಪಕ ಹಚ್ಚಿ ಹಾಳುಮಾಡುತ್ತಿದ್ದೆ.)

ಓದುಗರೆ, ನನ್ನ ಫಜೀತಿ ಈಗ ನಿಮ್ಮದೂ ಹೌದು. ಅವನಿಗೆ ಕಣ್ಣಾಗಿರುವ ಏಕೈಕ ಮನೆ ಈ ದೋಣಿ. ಕಣ್ಣಿಲ್ಲದವನನ್ನು ನಂಬಿ ಮಲಗಲಾಗದ ಮನೆಯೂ ಇದೇ.

೫

ಬಂದರು ಹತ್ತಿರವಾಗುವಾಗ ಗಾಳಿ ಸತ್ತುಹೋಯಿತು. ಬೆಳಗಾಯಿತು. ಈಗ ಕಾವಲು ಅವಳೊಬ್ಬಳದೇ. ಕಣ್ಣು ಉರಿಯುತ್ತಿದ್ದರೂ ಅವಳು ಚುಕ್ಕಾಣಿ ಬಿಟ್ಟು ಏಳಲಿಲ್ಲ. ಅವನು ಪಕ್ಕದಲ್ಲಿ ಚಹಾದ ಲೋಟ ಹಿಡಿದು ಕುಳಿತಿದ್ದ.

“ಅಯ್ಯೋ,” ಎಂದಳು.

“ಏನು? ಏನಾಯ್ತು?”

“ಗೆರೆ ಇಲ್ಲ.”

“ಯಾವ ಗೆರೆ?”

“ಆಕಾಶಕ್ಕೂ ನೀರಿಗೂ ಮಧ್ಯೆ ಇರೋ ಗೆರೆ. ಹೋಗೇಬಿಟ್ಟಿದೆ.”

ಅವನು ನಕ್ಕ. “ನನಗೆ ಅದು ಹೋಗಿ ಎಷ್ಟೋ ಕಾಲ ಆಯ್ತು.”

ಅವಳೂ ನಕ್ಕಳು, ಆಮೇಲೆ ನಗು ನಿಂತಿತು. ನೀರಿನಲ್ಲಿ ಒಂದು ಸುಕ್ಕಿಲ್ಲ. ಮೇಲೆ ಮುತ್ತಿನ ಬಣ್ಣ, ಕೆಳಗೂ ಅದೇ. ಮೋಡಗಳು ದೋಣಿಯ ಅಡಿಯಲ್ಲೂ ತೇಲುತ್ತಿದ್ದವು.

“ಹೇಳು,” ಎಂದ. “ಇನ್ನೇನು ಕಾಣತ್ತೆ?”

ವರದಿ ಕೊಟ್ಟೇ ಅಭ್ಯಾಸವಾದವಳು ತಡವರಿಸಿದಳು. ಮಾತು ಒದಗಿಸೋಣವೆಂದು ನನ್ನ ಜೋಳಿಗೆಗೆ ಕೈಹಾಕಿದೆ. ಜೀವಮಾನವೆಲ್ಲ ಕವಿತೆಯ ನೆರಳಿನಲ್ಲಿ ಕುಳಿತವನ ಜೋಳಿಗೆ ಅದು. ಖಾಲಿ, ಹೊಲಿಗೆಯವರೆಗೂ ತಡಕಿದೆ.

“ಹೇಗೆ ಹೇಳ್ಲಿ...” ಎಂದಳು ಅವಳೇ. “ಯಾರೋ ನಮ್ಮನ್ನ ಎಲ್ಲೂ ಇಡದೆ, ಹಾಗೇ ಕೈಯಲ್ಲಿ ಹಿಡ್ಕೊಂಡ ಹಾಗಿದೆ.”

ಅವನ ಚಹಾ ಆರಿಹೋಯಿತು. ನಾನು ಬರೆಯುವುದನ್ನು ಮರೆತೆ.

೬

ಮುಕ್ತಾಯಗಳು, ನೀವೇ ಆರಿಸಿಕೊಳ್ಳಿ:

(ಅ) ದೋಣಿ ಮಾರುತ್ತಾರೆ. ದಡದ ಮನೆಯಲ್ಲಿ ಯಾರೋ ಕುರ್ಚಿ ಸರಿಸಿರುತ್ತಾರೆ. ಅವನು ಮೊಣಕಾಲು ತಾಗಿಸಿಕೊಂಡು ಕುರ್ಚಿಗೇ ‘ಸಾರಿ’ ಎನ್ನುತ್ತಾನೆ. (ಅವನಿಂದ ಇದನ್ನು ಆಡಿಸಲು ನನ್ನಿಂದಾಗದು.)

(ಆ) ಕಾವಲಿಗೆ ಅವಳ ಅಣ್ಣ ಬಂದು ಸೇರಿಕೊಳ್ಳುತ್ತಾನೆ. (“ನನ್ನಣ್ಣನಾ? ಅವನ ಗೊರಕೆಗೆ ನಾನೇ ನೀರಿಗೆ ಹಾರ್ತೀನಿ!” ಹೊಡೆದುಹಾಕಿದೆ.)

(ಇ) ದಡ ಕಾಣುವಷ್ಟೇ ದೂರದಲ್ಲಿ, ಅವಳ ಕಣ್ಣು ಅವನ ಕಿವಿ ಒಂದಾಗಿ, ಸುಖವಾಗಿ ತೇಲುತ್ತಾರೆ. ಇದು ನಿಮಗೆ ಹಿಡಿಸಬಹುದು. ಆದರೆ ಅವಳೂ ಮಲಗಬೇಕಲ್ಲ?

೭

“ಬಂತು,” ಎಂದ ಅವನು. ಹಾಯಿಕಂಬದ ತಂತಿ ಮೆಲ್ಲನೆ ಗುಂಯ್‌ಗುಟ್ಟಿತು. ಗಾಳಿ. ಹಾಯಿ ಬಿಗಿಯಬೇಕು, ಬಂದರಿನ ಕಡೆಗೋ, ಅದರಾಚೆಗೋ. ಅವನು ಅಭ್ಯಾಸಬಲದಿಂದ ಬಲಚೀಲಕ್ಕೆ ಕೈಹಾಕಿದ. ಅಲ್ಲಿ ಹಿಡಿ ಇಲ್ಲ. ಎಡಚೀಲದಲ್ಲೂ ಇಲ್ಲ. ಅದು ಅವಳ ಕೈಯಲ್ಲಿದೆ.

ಅವನು ಕೈ ಹೊರಗೆಳೆದು, ಅಂಗೈ ಮೇಲುಮಾಡಿ, ಸುಮ್ಮನೆ ಕಾಯುತ್ತಿದ್ದಾನೆ.

“ಎಲ್ಲಿಡ್ತೀಯಮ್ಮಾ ಅದನ್ನ?” ನಾನು ಕೇಳಿದೆ.

“ನೀವು ಮೊದಲು ಆ ಪೆನ್ನು ಇಡ್ರಿ.”

ನೀರು ನಡುಗುತ್ತಿದೆ, ದೂರದಲ್ಲಿ ಗೆರೆ ಮೂಡುವಂತಿದೆ. ಪೆನ್ನನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೇನೆ.