ತುರುಗಾರಜ್ಜನ ಕುಳಿ

ಬಾವುಟದ ಮೂರನೆಯ ಮಡಿಕೆ ಬಿಚ್ಚುತ್ತಿದ್ದ ಖಲೀಲುಲ್ಲಾನ ಮಣಿಕಟ್ಟನ್ನು ಈರಕ್ಕ ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ ಖಲೀಲಣ್ಣ. ಹೊದಿಸ್‌ಬ್ಯಾಡಿ.”

ಅಳುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು. ಗಂಡನ ಪ್ರಾಣ ಹೋಗಿ ಆರು ಗಂಟೆಯೂ ಆಗಿಲ್ಲ, ಇವಳಿಗೇನು ಬಂತು ಎಂದು ಮುಖ ಮುಖ ನೋಡಿಕೊಂಡರು. ಚಟ್ಟದ ಮೇಲೆ ನಿವೃತ್ತ ಹವಾಲ್ದಾರ್ ಯತ್ತಪ್ಪ ಮಲಗಿದ್ದ. ಇಪ್ಪತ್ತನಾಲ್ಕು ವರ್ಷ ಪಲ್ಟನ್ನಿನಲ್ಲಿ ತಿದ್ದಿ ತೀಡಿದ ಮೀಸೆ ಸತ್ತ ಮೇಲೂ ನೆಟ್ಟಗೇ ಇತ್ತು.

ಖಲೀಲುಲ್ಲಾನೂ ಅದೇ ಪಲ್ಟನ್ನಿನವನು. ಈಗ ಶಿರಾದಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಆ ಪಲ್ಟನ್ನಿನಲ್ಲಿ ದುಡಿದು ಬಂದ ಈ ಸೀಮೆಯ ಹನ್ನೊಂದು ಜನ ಸೇರಿ ಒಂದು ಬಾವುಟ ಹೊಲಿಸಿದ್ದರು. ಕಡುಹಸಿರು ಬಟ್ಟೆ, ನಡುವೆ ಜರಿದಾರದಲ್ಲಿ ಪಲ್ಟನ್ನಿನ ಬಿಲ್ಲೆ. ಅವರಲ್ಲಿ ಯಾರು ಸತ್ತರೂ ಮಣ್ಣಾಗುವವರೆಗೆ ಅದನ್ನು ಹೊದಿಸುವುದು, ಆಮೇಲೆ ಒಗೆದು ಇಸ್ತ್ರಿ ಮಾಡಿ ಮತ್ತೆ ಟ್ರಂಕಿಗೆ ಹಾಕುವುದು. ಮಧುಗಿರಿಯಲ್ಲಿ ಇಬ್ಬರು, ಕೊರಟಗೆರೆಯಲ್ಲಿ ಒಬ್ಬ, ಪಾವಗಡದಲ್ಲಿ ಒಬ್ಬ ಹಾಗೆ ಹೋಗಿದ್ದರು. ಯತ್ತಪ್ಪ ಐದನೆಯವನು.

“ಅಮ್ಮಾ, ನಿಂಗೇನ್ ತಲೆಗಿಲೆ ಕೆಟ್ಟೈತಾ?” ಮಗ ಸುನಿಲ್‌ಕುಮಾರ್ ಜನರನ್ನು ತಳ್ಳಿಕೊಂಡು ಬಂದ. ಕಳ್ಳಂಬೆಳ್ಳದಲ್ಲಿ ಪಂಪ್‌ಸೆಟ್ ಮೋಟಾರು ಕಟ್ಟುವ ಕೆಲಸ ಅವನದು. ಬೈಕಿನ ಹಿಂದೆ ‘ಸೈನಿಕನ ಮಗ’ ಎಂದು ಬರೆಸಿಕೊಂಡಿದ್ದಾನೆ. “ಇಪ್ಪತ್ನಾಕು ವರ್ಸ ಅಪ್ಪ ಅಲ್ಲಿ ದುಡಿದೈತೆ. ಒಂದು ಬಾವುಟ ಹೊದಿಸ್‌ಬ್ಯಾಡ ಅಂತೀಯಲ್ಲ!”

“ನಾನಂದಿದ್ದಲ್ಲ ಕಣ್ಲಾ. ನಿಮ್ಮಪ್ಪನೇ ಅಂದಿದ್ದು. ಪಲ್ಟನ್ನಿಂದು ಒಂದು ನೂಲೂ ನನ್ ಮೈಮ್ಯಾಲೆ ಬೀಳ್ಬಾರ್ದು ಅಂತ ನನ್ ಕೈಲಿ ಭಾಷೆ ತಗಂಡವ್ರೆ.”

“ಯಾಕಂತೆ?”

ಯಾಕೆ ಎಂಬುದನ್ನೂ ಹೇಳಬೇಡ ಎಂದು ಹೇಳಿ ಹೋಗಿದ್ದ ಪುಣ್ಯಾತ್ಮ. ಬಾವುಟ ಬೇಡ, ಬೇಡವೆನ್ನಲು ಕಾರಣವೂ ಬೇಡ. ಜೀವಮಾನವೆಲ್ಲ ಹೆಂಡತಿಗೆ ಇಂಥ ಸಲೀಸಾದ ಕೆಲಸಗಳನ್ನೇ ಹಚ್ಚಿದ ಗಂಡಸು.

ಹಟ್ಟಿಯ ಯಜಮಾನ ಚಿತ್ತಯ್ಯ ಕೋಲೂರಿಕೊಂಡು ಹತ್ತಿರ ಬಂದ. ಎಂಬತ್ತು ದಾಟಿದ ಮುದುಕ. ಜಾಲಿಕುಂಟೆ ಹಟ್ಟಿಯಲ್ಲಿ ಅವನ ಮಾತನ್ನು ಮೀರಿದವರಿಲ್ಲ.

“ಈರಕ್ಕ, ಜ್ವರದ ತಾಪಕ್ಕೆ ಏನೋ ಅಂದಿರ್ತಾನೆ, ಬುಡು. ನಮ್ ತುರುಗಾರಜ್ಜ ಆ ಪಲ್ಟನ್ನಾಗೆ ನಿಂತವ್ನೆ. ದಿನಾ ಬೆಳಿಗ್ಗೆ ಸಿಪಾಯಿಗಳ ಸಲಾಮ್ ತಗಂತಾವ್ನೆ. ಆ ಬಾವುಟ ಬ್ಯಾಡ ಅಂದ್ರೆ ಅಜ್ಜನ್ನೇ ಬ್ಯಾಡ ಅಂದಂಗೆ. ಹೊದಿಸ್ರಪ್ಪ.”

ಹೊದಿಸಿದರು. ಸುನಿಲ್‌ಕುಮಾರನೇ ನಾಲ್ಕೂ ಮೂಲೆ ಎಳೆದು ಸುಕ್ಕು ಬಿಡಿಸಿದ. ಖಲೀಲುಲ್ಲಾ ಮಾತ್ರ ಈರಕ್ಕನ ಕಣ್ಣು ತಪ್ಪಿಸಿ ಕಾಲಬಳಿಯ ಮಣ್ಣು ನೋಡುತ್ತಿದ್ದ.

* * *

ತುರುಗಾರಜ್ಜ ಎಂದರೆ ಹಟ್ಟಿ ಹೊಗುವ ದಾರಿಯಲ್ಲೇ ನಿಂತಿದ್ದ ಎದೆಮಟ್ಟದ ವೀರಗಲ್ಲು. ಬಿಲ್ಲು ಹಿಡಿದ ಒಬ್ಬ ದನಗಾಹಿ, ಅವನ ಕಾಲ ಹತ್ತಿರ ಐದು ಹಸು, ಕೊನೆಗೆ ಹಿಂದಕ್ಕೆ ತಿರುಗಿ ನೋಡುವ ಒಂದು ಕರು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತರುವಾಗ ಸತ್ತವನು ಎಂಬುದಷ್ಟೇ ಗೊತ್ತು. ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಮದುವೆಯಾದವರು ಮೊದಲು ಅವನಿಗೆ ಅಡ್ಡಬೀಳಬೇಕು. ಸತ್ತವರನ್ನು ಅವನೆದುರು ಇಳಿಸಿಯೇ ಮುಂದಕ್ಕೆ ಒಯ್ಯಬೇಕು.

ಮೂವತ್ತು ವರ್ಷದ ಹಿಂದೆ ಯತ್ತಪ್ಪ ರಜೆಗೆ ಬಂದವನು ಒಂದು ಸುದ್ದಿ ತಂದ. ಪಲ್ಟನ್ನಿನ ದೊಡ್ಡ ಸಾಹೇಬರು ಪೆರೇಡ್ ಮೈದಾನದ ಪಕ್ಕದಲ್ಲಿ ಒಂದು ಕಟ್ಟೆ ಕಟ್ಟಿಸುತ್ತಿದ್ದಾರೆ. ಒಂದೊಂದು ಸೀಮೆಯ ಸಿಪಾಯಿಗಳೂ ತಮ್ಮ ಕಡೆಯ ಶೂರರ ಗುರುತೊಂದನ್ನು ತಂದು ಅಲ್ಲಿ ಇಡಬೇಕಂತೆ. ಯಾರೋ ಕತ್ತಿ ತರುತ್ತಾರೆ, ಯಾರೋ ನಗಾರಿ ತರುತ್ತಾರೆ. ತಾನು ಬರಿಗೈಯಲ್ಲಿ ಹೋಗುವುದು ಹೇಗೆ?

“ಅಜ್ಜನ್ನ ಕೀಳೋದಾ? ಬಾಯಾಗೂ ಅನ್ಬ್ಯಾಡ,” ಎಂದಿದ್ದ ಚಿತ್ತಯ್ಯ.

“ಇಲ್ಲೇನೈತೆ ಅಣ್ಣಯ್ಯ? ಮ್ಯಾಕೆ ಬಂದು ಮೈ ಉಜ್ತವೆ. ಅಲ್ಲಿ ದಿನಾ ಆರ್ನೂರು ಜನ ಸಲಾಮ್ ಹೊಡೀತಾರೆ. ದೇಶ ಕಾಯೋರು ನಮ್ ದನ ಕಾಯ್ದೋನಿಗೆ ಸಲಾಮ್ ಹೊಡೀತಾರೆ! ಅಜ್ಜಂಗೆ ಏನಾದ್ರೂ ಆದ್ರೆ ನನ್ನ ಕೇಳಿ. ನಾನವ್ನಿ.”

ಆ ಕೊನೆಯ ಮಾತಿಗೆ ಹಟ್ಟಿ ಸೋತಿತು. ಅಲ್ಲಿ ಯೂನಿಫಾರಂ ಹಾಕಿದವನು ಅವನೊಬ್ಬನೇ. ಕಲ್ಲು ಎಬ್ಬಿಸಿದ ದಿನ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ರೈಲಿನಲ್ಲಿ ಎಲ್ಲಾದರೂ ತಪ್ಪಿಹೋದೀತೆಂದು ಯತ್ತಪ್ಪ ಕಲ್ಲಿನ ಬೆನ್ನಿಗೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಶಿರಾ’ ಎಂದು ಬರೆದ. ಲಾರಿ ಹೋದ ಮೇಲೆ ಉಳಿದದ್ದು ಮೊಣಕಾಲುದ್ದದ ಒಂದು ಕುಳಿ. ಅಜ್ಜ ಎಲ್ಲಿದ್ದರೂ ಅವನ ಬೇರು ಇಲ್ಲೇ, ಇದನ್ನು ಯಾರೂ ಮುಚ್ಚಬಾರದು ಎಂದು ಚಿತ್ತಯ್ಯ ಕಟ್ಟು ಮಾಡಿದ. ಅಂದಿನಿಂದ ಹಬ್ಬದ ದಿನ ಆ ಕುಳಿಗೇ ಹಾಲು.

ಯತ್ತಪ್ಪ ಸುಳ್ಳು ಹೇಳಿರಲಿಲ್ಲ. ಅವನು ನಿವೃತ್ತನಾಗುವವರೆಗೂ ಕಟ್ಟೆಯ ಮುಂದೆ ದಿನವೂ ಸಲಾಮ್ ನಡೆಯುತ್ತಿತ್ತು. ಕಲ್ಲಿನ ಪಕ್ಕ ನಿಂತು ಅವನು ತೆಗೆಸಿಕೊಂಡ ಫೋಟೊ ಈಗಲೂ ನಡುಮನೆಯ ಗೋಡೆಯಲ್ಲಿದೆ. ಅಷ್ಟು ಎದೆಯುಬ್ಬಿಸಿ ನಿಂತ ಗಂಡನನ್ನು ಈರಕ್ಕ ತನ್ನ ಮದುವೆಯ ಫೋಟೊದಲ್ಲೂ ಕಂಡಿಲ್ಲ.

* * *

ಗುಂಡಿ ತೋಡಲು ಹೋದವರು ಇನ್ನೂ ಹಿಂತಿರುಗಿರಲಿಲ್ಲ. ಖಲೀಲುಲ್ಲಾ ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಬಂದ. ಈರಕ್ಕ ನೀರಿನ ತೊಟ್ಟಿಗೆ ಒರಗಿ ಕೂತಿದ್ದಳು.

“ಭಾಬಿ, ಆ ವಿಷಯ ಅವನು ನಿಮಗೆ ಹೇಳಿದ್ನಾ?”

“ಹೋದ ವರ್ಸ ಹೇಳಿದ್ರು. ಆಸ್ಪತ್ರೆಯಾಗೆ.”

“ನಾನು ಯಾರಿಗೂ ಹೇಳಿಲ್ಲ. ಮನೇಲಿ ನಮ್ಮ ಬೀವಿಗೂ ಹೇಳಿಲ್ಲ. ಕಸಂ ಹಾಕಿಸ್ಕೊಂಡಿದ್ದ.”

“ಎಲ್ಲಾ ಗೊತ್ತಿದ್ದೂ ಆ ಬಾವುಟ ಎತ್ಕಂಡು ಬಂದ್ರಲ್ಲ ಖಲೀಲಣ್ಣ.”

ಖಲೀಲುಲ್ಲಾ ಚೊಂಬು ಕೆಳಗಿಟ್ಟ. “ತರದೆ ಇದ್ರೆ ಎಲ್ಲರೂ ಕೇಳ್ತಿದ್ರು, ಯತ್ತಪ್ಪನಿಗೆ ಮಾತ್ರ ಯಾಕಿಲ್ಲ ಅಂತ. ಏನ್ ಜವಾಬ್ ಕೊಡ್ಲಿ? ಹದಿನಾಲ್ಕು ವರ್ಷ ಮುಚ್ಚಿಟ್ಟಿದೀವಿ, ಇದೊಂದು ದಿನ ಮುಚ್ಚಿಟ್ಟರೆ ಮುಗೀತು ಅಂದ್ಕೊಂಡೆ.”

“ನಿಮ್ಗೆ ಇದೊಂದು ದಿನ. ನಾನು ಇಲ್ಲೇ ಇರಾಕಿಲ್ವಾ? ಬರೋ ಹಬ್ಬಕ್ಕೂ ಚೊಂಬು ಹಿಡ್ಕಂಡು ಹೋಗಿ ಆ ಕುಳಿಗೆ ಹಾಲು ಹುಯ್ಬೇಕಲ್ಲ.”

ಖಲೀಲುಲ್ಲಾ ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದುಕೊಂಡ.

* * *

ಹದಿನಾಲ್ಕು ವರ್ಷದ ಹಿಂದೆ ಪಲ್ಟನ್ನಿನ ಹುಟ್ಟುಹಬ್ಬಕ್ಕೆ ಹಳಬರನ್ನೆಲ್ಲ ಕರೆದಿದ್ದರು. ಇಬ್ಬರೂ ಮೂರು ದಿನ ರೈಲಿನಲ್ಲಿ ಕೂತು ಹೋದರು. ಯತ್ತಪ್ಪ ಹೊಸ ಕೋಟು ಹೊಲಿಸಿದ್ದ. ಅಜ್ಜನಿಗೆಂದು ಹಟ್ಟಿಯ ಹೆಂಗಸರು ಕೊಟ್ಟ ಅರಿಶಿನದ ಪೊಟ್ಟಣ ಜೇಬಿನಲ್ಲಿತ್ತು.

ಪೆರೇಡ್ ಮೈದಾನದ ಪಕ್ಕದಲ್ಲಿ ಆ ಕಟ್ಟೆಯೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಿಳಿ ಅಮೃತಶಿಲೆಯ ಹೊಸ ಸ್ಮಾರಕ ಎದ್ದಿತ್ತು. ಎಳೆವಯಸ್ಸಿನ ಅಧಿಕಾರಿಯೊಬ್ಬ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದಲೇ ವಿವರಿಸಿದ. ಹೊಸ ಸಾಹೇಬರ ಆದೇಶ. ಈ ಸೀಮೆಯದು ಆ ಸೀಮೆಯದು ಎಂಬ ಗುರುತುಗಳೆಲ್ಲ ಇನ್ನು ಬೇಡ, ಎಲ್ಲರಿಗೂ ಸೇರಿ ಒಂದೇ ಸ್ಮಾರಕ ಸಾಕು. ಹಳೆಯ ಸಾಮಾನುಗಳೇ? ಸ್ಟೋರಿನಲ್ಲಿ ಕೇಳಿ. ಸ್ಟೋರಿನವನು ಪಟ್ಟಿ ತೆಗೆದು ಬೆರಳಾಡಿಸಿ, ಕಲ್ಲು ಗಿಲ್ಲು ಯಾವುದೂ ಇಲ್ಲ ಎಂದ. ಊಟ ಮಾಡಿಕೊಂಡು ಹೋಗಿ ಎಂದೂ ಹೇಳಿದ.

ಊಟವಾದ ಮೇಲೆ ಸಿಪಾಯಿಗಳ ಹಾಗೇ ತಟ್ಟೆ ತೊಳೆಯಲು ಅಡುಗೆಮನೆಯ ಹಿಂದಕ್ಕೆ ಹೋದರು. ನಲ್ಲಿಯ ಕೆಳಗೆ ಇಟ್ಟಿಗೆಗಳ ಮೇಲೆ ಹಾಸಿದ ಒಂದು ಉದ್ದನೆಯ ಚಪ್ಪಡಿ. ಅದರ ಮೇಲೆ ತಟ್ಟೆ ಉಜ್ಜುತ್ತಿದ್ದರು. ಎಂಜಲು ನೀರು ಹರಿದು ಹೋದಾಗ ಒಮ್ಮೆ ಕೆಂಪು ಬಣ್ಣದ ಗೆರೆ ಕಂಡಿತು. ‘ಶಿ’ ಅರ್ಧ ಅಳಿಸಿತ್ತು, ‘ರಾ’ ಸರಿಯಾಗೇ ಇತ್ತು. ಆ ದಂಡಿನಲ್ಲಿ ಅದು ಅಕ್ಷರ ಎಂದೇ ಯಾರಿಗೂ ತಿಳಿದಿರಲಿಕ್ಕಿಲ್ಲ.

ಯತ್ತಪ್ಪ ಹೊಸ ಕೋಟಿನಲ್ಲೇ ಆ ಎಂಜಲಿನಲ್ಲಿ ಬೋರಲು ಬಿದ್ದು ಚಪ್ಪಡಿಯ ಅಡಿಗೆ ಕೈ ತೂರಿಸಿದ. ಹುಡುಗರು ತಟ್ಟೆ ಹಿಡಿದು ಸುತ್ತ ನಿಂತು ನೋಡಿದರು, ಒಬ್ಬ ನಕ್ಕ. ಯತ್ತಪ್ಪ ಬಹಳ ಹೊತ್ತು ತಡಕಿದ.

“ಕರು ಐತೆ ಖಲೀಲ,” ಎಂದ. “ತಿರುಗಿ ನೋಡ್ತಾ ಐತೆ.”

ಕೊಟ್ಟುಬಿಡಿ, ನಮ್ಮ ಖರ್ಚಿನಲ್ಲೇ ಒಯ್ಯುತ್ತೇವೆ ಎಂದು ಇಬ್ಬರೂ ಅಂಗಲಾಚಿದರು. ಪಟ್ಟಿಯಲ್ಲೇ ಇಲ್ಲದ ವಸ್ತುವನ್ನು ಗೇಟಿನಿಂದ ಆಚೆ ಬಿಡುವ ಹಾಗಿಲ್ಲವಂತೆ. ಊರಿಗೆ ಬಂದು ಬರೆದ ನಾಲ್ಕು ಅರ್ಜಿಗಳಿಗೆ ಬಂದದ್ದು ಒಂದೇ ಉತ್ತರ: ತಾವು ತಿಳಿಸಿದ ವಸ್ತು ನಮ್ಮಲ್ಲಿಲ್ಲ. ಗುಂಡಿನ ಸದ್ದಿಗೆ ಬೆದರದ ಮನುಷ್ಯ ಆ ಎರಡು ಸಾಲು ಓದಿ ಖಲೀಲುಲ್ಲಾನ ಅಂಗಡಿಯಲ್ಲಿ ಗೊಳೋ ಎಂದು ಅತ್ತ.

ಹಟ್ಟಿಯವರು ಕೇಳಿದಾಗ ಮಾತ್ರ, “ಅಜ್ಜ ಚೆನ್ನಾಗವ್ನೆ. ಅಮೃತಶಿಲೆ ಕಟ್ಟೆ ಕಟ್ಸವ್ರೆ,” ಎಂದುಬಿಟ್ಟ. ಅದಾದ ಮೇಲೆ ಪದಕಗಳು ರಾಗಿ ತುಂಬಿಡುವ ವಾಡೆಯ ತಳ ಸೇರಿದವು. ಪ್ರತಿ ವರ್ಷ ಹಬ್ಬದ ದಿನ ಶಿರಾದಲ್ಲಿ ಕೆಲಸವಿದೆಯೆಂದು ಹೊರಟುಬಿಡುತ್ತಿದ್ದ. ಕತ್ತಲಾಗುವವರೆಗೆ ಖಲೀಲುಲ್ಲಾನ ಅಂಗಡಿಯಲ್ಲಿ ಕೂತು, ಕೆಟ್ಟ ಮಷೀನುಗಳ ಚಕ್ರ ತಿರುಗಿಸುತ್ತಿದ್ದ.

* * *

ಮೂರು ಗಂಟೆಗೆ ಹೆಣ ಎತ್ತಿದರು. ಮುಂದೆ ಸುನಿಲ್‌ಕುಮಾರ್ ಮತ್ತು ಚಿತ್ತಯ್ಯನ ಮಗ, ಹಿಂದೆ ಹಟ್ಟಿಯ ಇನ್ನಿಬ್ಬರು ಹೆಗಲು ಕೊಟ್ಟಿದ್ದರು. ಮನೆಯಿಂದ ಕುಳಿಯವರೆಗೆ ತಲೆ ಮುಂದಾಗಿ ಒಯ್ಯುವುದು, ಸತ್ತವನು ಹಟ್ಟಿಯನ್ನು ನೋಡುತ್ತಾ ಹೋಗಲಿ ಎಂದು. ಕುಳಿಯ ಹತ್ತಿರ ಇಳಿಸಿ, ಚಟ್ಟ ತಿರುಗಿಸಿ, ಅಲ್ಲಿಂದಾಚೆ ಕಾಲು ಮುಂದಾಗಿ ಒಯ್ಯುವುದು. ತಿರುಗಿಸಿದರೆ ಹಟ್ಟಿಗೂ ಅವನಿಗೂ ಲೆಕ್ಕ ಚುಕ್ತಾ, ಅವನು ನೆಮ್ಮದಿಯಾಗಿ ಹೋಗುತ್ತಾನೆ. ಹೆಂಗಸರು ಅಲ್ಲಿಂದ ಮುಂದಕ್ಕೆ ಹೋಗುವ ಹಾಗಿಲ್ಲ.

ಚಟ್ಟ ಇಳಿಸಿದರು. ಚಿತ್ತಯ್ಯ ಕುಳಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದ.

“ತುರುಗಾರಜ್ಜಾ, ಇವ್ನು ನಿನ್ ಮಗ ಯತ್ತಪ್ಪ. ಸಿಪಾಯಿಗಳ ನಡುವೆ ನಿನ್ನ ನಿಲ್ಸಿದೋನು. ಕೊಟ್ಟ ಮಾತು ಉಳಿಸ್ಕಂಡೋನು. ಇವ್ನಿಗೆ ದಾರಿ ಬುಡು. ತಿರುಗಿಸ್ರಪ್ಪ.”

ಈರಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಗಂಡನ ಮೈಮೇಲೆ ಅವನಿಗೆ ಬೇಡವಾದ ಬಟ್ಟೆ, ಹೆಸರಿನ ಮೇಲೆ ಸುಳ್ಳು. ಎರಡನ್ನೂ ಹೊದಿಸಿಯೇ ಮಣ್ಣಿಗೆ ಹಾಕುತ್ತಾರಲ್ಲ.

“ಉಳಿಸ್ಕಂಡಿಲ್ಲ ಮಾವ,” ಎಂದಳು. ಬಗ್ಗಿ ಬಾವುಟವನ್ನು ಎಳೆದುಕೊಂಡಳು. “ಅಜ್ಜ ಅಲ್ಲಿ ನಿಂತಿಲ್ಲ. ಬೋರಲು ಬಿದ್ದವ್ನೆ. ಅಡುಗೆಮನೆ ಹಿಂದೆ, ನಲ್ಲಿ ಕೆಳಗೆ. ಅವ್ನ ಬೆನ್ಮ್ಯಾಲೆ ತಟ್ಟೆ ತೊಳೀತಾವ್ರೆ. ಇವ್ರು ಕಣ್ಣಾರೆ ಕಂಡು ಬಂದ್ರು. ನಿಮ್ಗೆ ಹೇಳಾಕೆ ಮುಖ ಇರ್ಲಿಲ್ಲ. ಅದಕ್ಕೇ ಇದು ಬ್ಯಾಡ ಅಂದಿದ್ದು.”

ಬಾವುಟವನ್ನು ಖಲೀಲುಲ್ಲಾನ ಕೈಗೆ ತುರುಕಿದಳು.

“ಸುಳ್ಳು!” ಸುನಿಲ್‌ಕುಮಾರ್ ಕಿರುಚಿದ. “ಖಲೀಲ್ ಮಾಮ, ಸುಳ್ಳು ಅಂತ ಹೇಳಿ.”

“ನಿಜ ಬೇಟಾ. ನಾನೂ ಜೊತೇಲೇ ಇದ್ದೆ.”

ಚಿತ್ತಯ್ಯ ಕೋಲಿನ ಮೇಲೆ ಎರಡೂ ಕೈ ಊರಿ ನಿಂತ. ಬೈಯುತ್ತಾನೆ, ಶಾಪ ಹಾಕುತ್ತಾನೆ ಎಂದುಕೊಂಡಿದ್ದಳು ಈರಕ್ಕ. ಅವನು ಮೆತ್ತಗೆ ಕೇಳಿದ.

“ಎಷ್ಟು ವರ್ಸ ಆತು?”

“ಹದಿನಾಕು.”

“ಹದಿನಾಕು ವರ್ಸ ನಮ್ ಕೈಲಿ ಬರೀ ಕುಳಿಗೆ ಹಾಲು ಹುಯ್ಸಿದ. ಮೊದ್ಲೇ ಹೇಳಿದ್ರೆ ಹಟ್ಟಿಗೆ ಹಟ್ಟಿನೇ ಹೋಗಿ ಅಜ್ಜನ್ನ ಹೊತ್ಕಂಡು ಬರ್ತಿದ್ವಲ್ಲ ತಾಯಿ.” ಮುದುಕ ಹೆಗಲು ಕೊಟ್ಟವರ ಕಡೆ ತಿರುಗಿದ. “ಇವ್ನ ತಿರುಗಿಸ್‌ಬ್ಯಾಡಿ. ಈ ಕುಳಿ ನೋಡ್ಕಂಡೇ ಹೋಗ್ಲಿ.”

ಅಷ್ಟು ಹೇಳಿ ಹಟ್ಟಿಯ ಕಡೆ ನಡೆದ. ಅವನ ಮಗ ಟವೆಲು ಕೊಡವಿಕೊಂಡು ಹಿಂದೆಯೇ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೊರಟರು. ಸುನಿಲ್‌ಕುಮಾರನ ಜೊತೆ, ಹಿಂದೆ ಹೆಗಲು ಕೊಟ್ಟಿದ್ದ ಇಬ್ಬರು ಮಾತ್ರ ಏನೂ ತೋಚದೆ ನಿಂತಿದ್ದರು. ಗಂಡ ಕೇಳಿದ್ದು ಎರಡು ಮಾತು. ಒಂದನ್ನು ನಡೆಸಲು ಹೋಗಿ ಇನ್ನೊಂದನ್ನು ಮುರಿದಿದ್ದಳು ಈರಕ್ಕ. ಇನ್ನು ಅಳುವುದಕ್ಕೂ ಜೊತೆಗೆ ಯಾರೂ ಇರಲಿಲ್ಲ.

ಖಲೀಲುಲ್ಲಾ ಖಾಲಿಯಿದ್ದ ಮುಂದಿನ ಜಾಗಕ್ಕೆ ಬಂದು ನಿಂತ. ಎಪ್ಪತ್ತರ ಹೆಗಲು, ಮಾಂಸವಿಲ್ಲದ ಬರೀ ಮೂಳೆ. ಬಗ್ಗಿ ಬಿದಿರಿಗೆ ಹೆಗಲು ಕೊಟ್ಟೊಡನೆ ನೋವಿಗೆ ಮುಖ ಕಿವುಚಿದ. ಸುತ್ತ ನೋಡಿದ, ಹೆಗಲಿಗೆ ಇಟ್ಟುಕೊಳ್ಳಲು ಒಂದು ಟವೆಲೂ ಇರಲಿಲ್ಲ. ಕೈಯಲ್ಲಿದ್ದ ಬಾವುಟವನ್ನು ನಾಲ್ಕು ಮಡಿಕೆ ಮಾಡಿ, ಜರಿದಾರದ ಬಿಲ್ಲೆಯನ್ನು ಕೆಳಗೆ ಮಾಡಿ ಹೆಗಲ ಮೇಲೆ ಇಟ್ಟುಕೊಂಡ. ಮತ್ತೆ ಬಗ್ಗಿ ಅದನ್ನು ಬಿದಿರಿಗೆ ಒತ್ತಿ ಹಿಡಿದ.

“ಉಠಾವ್,” ಎಂದ.

ನಾಲ್ವರೂ ಎತ್ತಿದರು. ತಲೆ ಮುಂದಾಗಿ ಯತ್ತಪ್ಪ ಹೋಗುತ್ತಿದ್ದ. ಹುಲ್ಲಿನ ದಿಂಬಿನ ಮೇಲೆ ಎತ್ತರಿಸಿಟ್ಟ ಮುಖ ಹಿಂದಕ್ಕೆ, ಕುಳಿಯ ಕಡೆಗಿತ್ತು. ದಾರಿ ಏರಿದಂತೆಲ್ಲ ಚಟ್ಟದ ಭಾರ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿತ್ತು. ಒಂದೊಂದು ಹೆಜ್ಜೆಗೂ ಬಿದಿರು ಆ ಹಸಿರು ಬಟ್ಟೆಯ ಮೇಲೆ ಉಜ್ಜುತ್ತಾ ಹೋಯಿತು.