ಜೋಡಿಗೆ ಒಂದೇ ಬಣ್ಣ

ದೊಡ್ಡಬೆಳವಂಗಲದ ಬಸ್ ನಿಲ್ದಾಣದ ಎದುರು ಕಾಂತರಾಜು ಹನ್ನೊಂದು ವರ್ಷಗಳಿಂದ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತ, ತನ್ನೊಳಗಿನ ಮಹಾ ಕಲಾವಿದನನ್ನು ತಾಳ್ಮೆಯಿಂದ ಸಾಕಿಕೊಂಡು ಬಂದಿದ್ದ. ಆ ಕಲಾವಿದನಿಗೆ ಬೇಕಾಗಿದ್ದುದು ಒಂದೇ ಒಂದು ಮದುವೆ. ತನ್ನದಲ್ಲ, ಆಲ್ಬಮ್ ಮಾಡಿಸುವವರದು. ರೈತ ರಾಮಾಂಜಿನಪ್ಪನ ಮಗಳು ಪದ್ಮಶ್ರೀಯ ಮದುವೆ ಎರಡು ತಿಂಗಳಲ್ಲಿತ್ತು.

"ಮೊದ್ಲು ನನ್ನ ಎತ್ತಿನ ಜೋಡೀನ ಚೆಂದಾಗಿ ಹಿಡ್ಕೊಡು. ಮಾರಾಟವಾದ್ರೆ ಮದ್ವೆ ಫೋಟೋನೂ ನಿಂದೇ" ಎಂದು ರಾಮಾಂಜಿನಪ್ಪ ಮಾತು ಕೊಟ್ಟಿದ್ದ.

ತೊಡಕೆಂದರೆ, ಒಂದು ಎತ್ತು ಬೂದು, ಇನ್ನೊಂದು ಕಂದು. ಹಳ್ಳಿಕಾರ್ ತಳಿಯ ಎತ್ತು ಕೊಳ್ಳುವವರು ಮೈಮೇಲಿನ ಸುಳಿ, ಕೊಂಬು, ಬಣ್ಣ ಮೂರೂ ಹೊಂದದ ಜೋಡಿಯ ಹಗ್ಗವನ್ನೂ ಮುಟ್ಟುವುದಿಲ್ಲ. ಕಾಂತರಾಜುವಿಗೆ ಇದು ತಿಳಿಯದ್ದೇನಲ್ಲ. ಆದರೆ ಆ ವಾರವೇ ಅವನು ಯೂಟ್ಯೂಬಿನಲ್ಲಿ ಸ್ಪ್ಲಿಟ್ ಟೋನಿಂಗ್ ಎಂಬ ವಿದ್ಯೆಯನ್ನು ಕಂಡಿದ್ದ: ಚಿತ್ರದ ಬೆಳಕಿನ ಭಾಗಕ್ಕೆ ಒಂದು ಬಣ್ಣ, ನೆರಳಿನ ಭಾಗಕ್ಕೆ ಇನ್ನೊಂದು.

ಮೊದಲ ಪ್ರಯೋಗ ಪಿಂಚಣಿಯ ಅರ್ಜಿಗೆ ಫೋಟೋ ತೆಗೆಸಲು ಬಂದ ಮುತ್ತಮ್ಮನ ಮೇಲೆ ನಡೆಯಿತು. ಕೆನ್ನೆಗೆ ಕಿತ್ತಳೆ, ಕತ್ತಿಗೆ ನೀಲಿ.

"ಏನಪ್ಪಾ ಇದು, ವಿಷ ಕುಡ್ದಂಗೆ ಕಾಣ್ತೀನಲ್ಲ! ಸತ್ತೋಗವ್ಳೆ ಅಂತ ಬರ್ಕೊಂಡ್ಬಿಟ್ರೆ?" ಎಂದಳು ಮುದುಕಿ.

ಕಾಂತರಾಜು ಆಕೆಯ ಅಜ್ಞಾನವನ್ನು ಉದಾರವಾಗಿ ಕ್ಷಮಿಸಿ, ಸಾದಾ ಪ್ರತಿಯೊಂದನ್ನು ಕೊಟ್ಟು ಕಳುಹಿಸಿದ.

ಮೂರನೆಯ ದಿನಕ್ಕೆ ಬಣ್ಣ ಏರಿಸಿ ಇಳಿಸುವ ಸ್ಲೈಡರುಗಳು ಕೈಗೆ ಪಳಗಿದವು. ಎತ್ತುಗಳ ಫೋಟೋದಿಂದ ಮೂಲ ಬಣ್ಣವನ್ನೆಲ್ಲ ಹಿಂಡಿ ತೆಗೆದು, ಬೆಳಕಿಗೆ ಜೇನಿನ ಛಾಯೆಯನ್ನೂ ನೆರಳಿಗೆ ತಿಳಿನೀಲಿಯನ್ನೂ ಹನಿಸಿದ. ದೇವರು ಹುಟ್ಟಿನಲ್ಲಿ ಮಾಡಿದ್ದ ಭೇದ ಅಳಿಸಿಹೋಗಿ ಎರಡೂ ಅವಳಿಗಳಂತೆ ನಿಂತವು.

ರಾಮಾಂಜಿನಪ್ಪ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನಕ್ಕ. "ಲೇ, ಕಂದು ಎಲ್ಲೋಯ್ತೋ?"

"ಟೋನಿಂಗ್ ಅಣ್ಣ. ಸಿನಿಮಾದೋರೆಲ್ಲ ಹಿಂಗೇ ಮಾಡೋದು."

"ಹಂಗಾರೆ ಇರ್ಲಿ ಬಿಡು. ಕಳ್ಸು."

ವಾಟ್ಸ್‌ಆ್ಯಪಿನಲ್ಲಿ ಚಿತ್ರ ಕಂಡು ಮರುಳಾದ ಹೊಸಕೋಟೆ ಕಡೆಯ ಬೈರಣ್ಣ, ಭಾನುವಾರ ಬೆಳಿಗ್ಗೆ ಬಾಡಿಗೆಯ ವಾಹನದೊಂದಿಗೇ ಬಂದಿಳಿದ. ಕಾಂತರಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸನ್ಮಾನ ಸ್ವೀಕರಿಸುವ ಭಂಗಿಯಲ್ಲಿ ಕೊಟ್ಟಿಗೆಯ ಬಳಿ ನಿಂತಿದ್ದ. ಬೈರಣ್ಣ ಎತ್ತು ನೋಡಿದ, ಮೊಬೈಲು ನೋಡಿದ, ಮತ್ತೆ ಎತ್ತು ನೋಡಿದ.

"ಯಜಮಾನ್ರೇ, ಫೋಟೋದಲ್ಲಿರೋ ಎತ್ತು ಮೇಯಕ್ಕೋಗೈತಾ?"

"ಬಿಸ್ಲು ಕಣಣ್ಣ, ಬಿಸ್ಲಿಗೆ ಹಂಗೆ ಕಾಣ್ತದೆ" ಎಂದ ರಾಮಾಂಜಿನಪ್ಪ.

ಬೈರಣ್ಣ ಕಂದು ಎತ್ತನ್ನು ಹುಣಸೆಮರದ ನೆರಳಿಗೆ ಎಳೆದೊಯ್ದ. ಅಲ್ಲಿಯೂ ಅದು ಕಂದಾಗಿಯೇ ಉಳಿಯುವ ಅವಿವೇಕವನ್ನು ತೋರಿತು.

"ನಮ್ಮನೇಲೊಂದು ಬೂದು ಎತ್ತು ಜೋಡಿ ಇಲ್ದೆ ನಿಂತೈತೆ. ನಿಮ್ಮ ಬೂದು ಎತ್ತೊಂದನ್ನೇ ಕೊಡಿ" ಎಂದ ಬೈರಣ್ಣ, ಮೊಬೈಲನ್ನು ಜೇಬಿನಿಂದ ಅರ್ಧ ಎತ್ತಿ. "ಇಲ್ಲಾಂದ್ರೆ ನಿಮ್ಮ ಫೋಟೋನೂ ಈ ಎತ್ತನ್ನೂ ಅಕ್ಕಪಕ್ಕ ಇಟ್ಟು ನಮ್ಮ ಎತ್ತಿನೋರ ಗ್ರೂಪಿಗೆ ಹಾಕ್ಬಿಡ್ತೀನಿ."

ಮಾನವಂತ ರಾಮಾಂಜಿನಪ್ಪ ಅವನು ಹೇಳಿದ ಬೆಲೆಗೇ ಬೂದು ಎತ್ತನ್ನು ಬಿಚ್ಚಿಕೊಟ್ಟ. ವಾಹನ ತಿರುವಿನಲ್ಲಿ ಮರೆಯಾದ ಮೇಲೆ ಕಾಂತರಾಜುವಿನತ್ತ ತಿರುಗಿದ.

"ಬಾರಪ್ಪಾ ಕಲಾವಿದ. ಇದು ಒಂಟಿಯಾಯ್ತಲ್ಲ, ನೊಗದ ಆ ಕಡೆಗೆ ನೀನೇ ಕತ್ತು ಕೊಡು. ಬಣ್ಣ ಹೊಂದ್ಸೋದು ನಿಂಗೇನು ಕಷ್ಟವಾ?"

'ಕಳ್ಸು' ಎಂದವರು ಯಾರೆಂಬ ಪ್ರಶ್ನೆ ಕಾಂತರಾಜುವಿನ ಗಂಟಲವರೆಗೆ ಬಂದು, ಮದುವೆಯ ನೆನಪಾಗಿ ಒಳಗಿಳಿಯಿತು.

"ಅಣ್ಣ... ಪದ್ಮಶ್ರೀ ಮದ್ವೆ?"

"ಖಂಡಿತ ಬಾ. ಮೊದ್ಲ ಪಂಕ್ತೀಲೇ ಕೂತು ಊಟ ಮಾಡು. ಕ್ಯಾಮೆರಾ ಮಾತ್ರ ಮನೇಲಿಟ್ಟು ಬಾ."